ಕುದುರೆ ನಮ್ಮದು, ಜೀನು ಅವರದು

ನಮ್ಮ ಮನೆಗೆ ಗಿಟಾರು ಬಂದದ್ದು 2022ರ ಜುಲೈ ತಿಂಗಳಲ್ಲಿ. ಸಾಗರದ ಮಳೆ ಕಂಡವರಿಗೆ ಜುಲೈ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಡಬ್ಬದೊಳಗಿನ ಹಪ್ಪಳ ಮೆತ್ತಗಾಗುತ್ತದೆ, ಹಿತ್ತಿಲ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತದೆ. ಇಷ್ಟೆಲ್ಲ ವರ್ಷ ವರ್ಷವೂ ನೋಡುತ್ತಿರುವ ನನಗೆ, ಗಿಟಾರೂ ಮರದ್ದೇ ಅಲ್ಲವೇ ಎಂಬ ಒಂದು ಸಣ್ಣ ಯೋಚನೆ ಹೊಳೆಯಲಿಲ್ಲ ನೋಡಿ.

ಗಿಟಾರು ಕೊಡಿಸಿದವನು ಬೆಂಗಳೂರಿನಲ್ಲಿರುವ ನನ್ನ ತಮ್ಮ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದದ್ದಕ್ಕೆ ಸೋದರಮಾವನ ಉಡುಗೊರೆ. ಅಗ್ಗದ್ದಲ್ಲ, ಮುಖದ ಹಲಗೆ ಸ್ಪ್ರೂಸ್ ಮರದ್ದು, ಪ್ಲೈವುಡ್ ಅಲ್ಲ ಎಂದು ಅವನು ಎರಡೆರಡು ಸಲ ಫೋನಿನಲ್ಲಿ ಹೇಳಿದ್ದ. ಹುಡುಗಿ ಒಂದು ತಿಂಗಳು ಹುರುಪಿನಿಂದ ಬಾರಿಸಿದಳು. ಆಮೇಲೆ ಎಡಗೈ ಬೆರಳ ತುದಿಗಳನ್ನು ನನ್ನ ಮುಂದೆ ಹಿಡಿದು, “ಅಮ್ಮಾ, ತಂತಿ ಎಷ್ಟು ಎತ್ತರ ಇದೆ ಗೊತ್ತಾ? ಒತ್ತಿ ಒತ್ತಿ ಬೆರಳು ಸುಲಿದು ಹೋಗಿದೆ” ಎಂದಳು.

ಪಕ್ಕದ ಊರಿನಲ್ಲಿ ಒಂದು ಅಂಗಡಿ ಇದೆ. ಕೀಬೋರ್ಡು, ತಬಲ, ಶಾಲೆಯ ಬ್ಯಾಂಡಿನ ಡ್ರಮ್ಮು, ಭಜನೆಯ ತಾಳ ಎಲ್ಲವೂ ಸಿಗುತ್ತದೆ. ಅಲ್ಲಿಗೆ ಒಯ್ದೆವು. ಅಂಗಡಿಯ ಹುಡುಗ ನೋಡಿದವನೇ ತಂತಿ ಸಡಿಲಿಸಿ, ಕುದುರೆಯ ಮೇಲೆ ಕೂತಿದ್ದ ಬೆಳ್ಳಗಿನ ಮೂಳೆಯ ಪಟ್ಟಿಯನ್ನು ಇಕ್ಕಳದಲ್ಲಿ ಎಳೆದು ತೆಗೆದು, ಮರಳುಕಾಗದದ ಮೇಲೆ ಗರಗರ ಉಜ್ಜಿ ಮತ್ತೆ ಕೂರಿಸಿದ. ಹತ್ತು ನಿಮಿಷದ ಕೆಲಸ. ತಂತಿ ಇಳಿಯಿತು. ಮಗಳ ಮುಖ ಅರಳಿತು. ನನಗೂ ಇಷ್ಟೇನಾ ಎನ್ನಿಸಿತು.

ವೀಣೆಯಲ್ಲಿ ತಂತಿ ಹೊತ್ತು ನಿಲ್ಲುವ ಭಾಗಕ್ಕೆ ನಾವು ಕುದುರೆ ಎನ್ನುತ್ತೇವೆ. ಗಿಟಾರಿನ ಕುದುರೆಯ ಮೇಲಿರುವ ಆ ಮೂಳೆಯ ಪಟ್ಟಿಗೆ ಇಂಗ್ಲಿಷಿನವರು ಇಟ್ಟ ಹೆಸರು ಸ್ಯಾಡಲ್, ಅಂದರೆ ಜೀನು. ಕುದುರೆ ನಮ್ಮದು, ಜೀನು ಅವರದು! ಎರಡೂ ಕಡೆಯ ಜನ ಮಾತಾಡಿಕೊಂಡು ಹೆಸರಿಟ್ಟ ಹಾಗಿದೆ.

ಮಾರ್ಚ್ ತಿಂಗಳು ಬಂತು. ಗಿಟಾರಿನಿಂದ ಸ್ವರ ಹೋಗಿ ಜಿರ್ರ್ ಎಂಬ ಸದ್ದು ಶುರುವಾಯಿತು, ಸ್ಟೀಲ್ ತಟ್ಟೆಯಲ್ಲಿ ಜೀರುಂಡೆ ಬಿದ್ದ ಹಾಗೆ. ಯಾವ ತಂತಿ ಒತ್ತಿದರೂ ಅದು ಮುಂದಿನ ಮೆಟ್ಟಿಲಿಗೆ ತಗುಲುತ್ತಿತ್ತು. ಮತ್ತೆ ಅಂಗಡಿಗೆ ಹೋದರೆ, “ಮೇಡಂ, ನಮ್ಮ ಕೆಲಸ ಸರಿಯಾಗೇ ಇದೆ. ಒತ್ತೋ ರೀತಿ ಸರಿಯಿಲ್ಲ, ಪ್ರಾಕ್ಟೀಸ್ ಮಾಡಬೇಕು” ಎಂದರು. ಹುಡುಗಿ ಮಾತಾಡದೆ ಮನೆಗೆ ಬಂದು ಗಿಟಾರನ್ನು ಚೀಲಕ್ಕೆ ಹಾಕಿ ಮಂಚದ ಕೆಳಗೆ ತಳ್ಳಿದಳು. ರಾತ್ರಿ ಊಟಕ್ಕೆ ಕೂತಾಗ, “ನನ್ನ ಕೈಗೆ ಇದು ಬರೋದಲ್ಲ ಬಿಡಮ್ಮ” ಎಂದಳು.

ಆ ಮಾತು ಕೇಳಿ ನನ್ನ ತುತ್ತು ಗಂಟಲಲ್ಲೇ ನಿಂತಿತು. ಯಾಕೆಂದರೆ ಅದೇ ಮಾತನ್ನು, ಅದೇ ಅಡಿಗೆಮನೆಯಲ್ಲಿ ಅಲ್ಲದಿದ್ದರೂ, ನಾನು ಮೊದಲೇ ಒಮ್ಮೆ ಕೇಳಿದ್ದೆ.

ನನ್ನ ಅಮ್ಮ ವೀಣೆ ನುಡಿಸುತ್ತಿದ್ದರು. ಕಛೇರಿ ಮಾಡಿದವರಲ್ಲ, ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಒಂದು ಗಂಟೆ, ಅದೇ ಅವರ ಕಛೇರಿ. ವರ್ಷಕ್ಕೊಮ್ಮೆ ದೀಪಾವಳಿ ಕಳೆದ ಮೇಲೆ ಮೈಸೂರಿನ ಕಡೆಯಿಂದ ಒಬ್ಬ ವೃದ್ಧರು ಬಂದು ಮೇಳ ಕಟ್ಟಿಕೊಡುತ್ತಿದ್ದರು. ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳು ಮೇಣದ ಏರಿಯ ಮೇಲೆ ಕೂತಿರುತ್ತವೆ, ನಿಮ್ಮಲ್ಲಿ ನುಡಿಸುವವರಿಗೆ ಇದು ಗೊತ್ತಿದ್ದದ್ದೇ. ಜೇನುಮೇಣಕ್ಕೆ ಕಪ್ಪು ಸೇರಿಸಿ ಮಾಡಿದ ಏರಿ. ಕಾಲ ಕಳೆದಂತೆ ಮೇಣ ಕುಗ್ಗುತ್ತದೆ, ಬೇಸಿಗೆಗೆ ಮೆತ್ತಗಾಗುತ್ತದೆ, ಮೆಟ್ಟಿಲು ಅರ್ಧ ಅಕ್ಕಿಕಾಳಿನಷ್ಟು ಜರುಗಿದರೂ ಸ್ವರ ಕೆಡುತ್ತದೆ. ಆ ಹಿರಿಯರು ಬಂದರೆ ಮೊದಲು ಕೈ ಹಚ್ಚುತ್ತಿರಲಿಲ್ಲ. “ನುಡಿಸಿ ಅಮ್ಮಾವ್ರೆ” ಎಂದು ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಾಫಿ ಆರಿಹೋಗುತ್ತಿತ್ತು. ಆಮೇಲೆಯೇ ಕೆಂಡ, ಮೇಣ, ಮೆಟ್ಟಿಲು.

ನಾನು ಏಳನೆಯ ಕ್ಲಾಸಿನಲ್ಲಿದ್ದ ವರ್ಷ ಅವರು ಬರಲಿಲ್ಲ. ಮುಂದೆಯೂ ಬರಲಿಲ್ಲ. ಊರಿಗೆ ಬಂದಿದ್ದ ಇನ್ನೊಬ್ಬ ರಿಪೇರಿಯವನನ್ನು ಅಪ್ಪ ಕರೆಸಿದರು. ಅವನು ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು, ಅದರ ಮನೆ ಒತ್ತುತ್ತ ಒತ್ತುತ್ತ ಒಂದೇ ಬೆಳಿಗ್ಗೆಯಲ್ಲಿ ಮೇಳ ಮುಗಿಸಿದ. ಆ ಹಾರ್ಮೋನಿಯಮ್ಮೇ ಶ್ರುತಿಯಲ್ಲಿತ್ತೋ ಇಲ್ಲವೋ ದೇವರಿಗೇ ಗೊತ್ತು. ಅಮ್ಮ ಗಾಂಧಾರ ಸರಿ ಕೇಳುತ್ತಿಲ್ಲ ಎಂದರೆ, “ಮೇಳ ಸರಿ ಇದೆ ಅಮ್ಮಾವ್ರೆ, ನಿಮ್ಮ ಕಿವಿ ಹಳೇದಕ್ಕೆ ಒಗ್ಗಿದೆ” ಎಂದು ಹೇಳಿ ದುಡ್ಡು ಎಣಿಸಿಕೊಂಡು ಹೋದ. ಅಮ್ಮ ಕೆಲವು ದಿನ ನುಡಿಸಿದರು. ಆಮೇಲೆ ಒಂದು ದಿನ, “ನನ್ನ ಕಿವಿಯೇ ಕೆಟ್ಟಿರಬೇಕು, ವಯಸ್ಸಾಯಿತಲ್ಲ” ಎಂದು ವೀಣೆಗೆ ಹಳೆಯ ಸೀರೆ ಹೊದಿಸಿದರು. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಎಂಟು ವರ್ಷದ ಮೇಲೆ ನಮ್ಮ ಮನೆಗೆ ಬಂದ ವಿದ್ವಾಂಸರೊಬ್ಬರು ಸೀರೆ ಸರಿಸಿ ತಂತಿ ಮೀಟಿ ನೋಡಿ, “ಇದೇನು, ಮೇಳ ಹೀಗೆ ಕಟ್ಟಿದ್ದಾರೆ?” ಎಂದಾಗ ಅಮ್ಮ ಬಾಗಿಲ ಹಿಂದೆ ನಿಂತಿದ್ದರು. ಎಂಟು ವರ್ಷ!

ವಾದ್ಯ ಕೆಟ್ಟರೆ ಗಂಡಸರು ವಾದ್ಯವನ್ನು ಬೈಯುತ್ತಾರೆ, ಹೆಂಗಸರು ತಮ್ಮನ್ನು ಬೈದುಕೊಳ್ಳುತ್ತಾರೆ. ಎಲ್ಲರೂ ಹಾಗಲ್ಲ ಎನ್ನಿ. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ಅಮ್ಮನಿಗಾದದ್ದು ಮಗಳಿಗೂ ಆಗಬಾರದೆಂದು ನಾನು ನಿಶ್ಚಯಿಸಿದೆ.

ಇತಿಹಾಸ ಪಾಠ ಹೇಳುವವರಿಗೆ ಒಂದು ಚಟ. ಹಲ್ಲು ನೋವು ಬಂದರೆ ಮೊದಲು ಡಾಕ್ಟರ ಹತ್ತಿರ ಹೋಗದೆ, ಹಲ್ಲು ಕೀಳುವುದನ್ನು ಶುರುಮಾಡಿದವರು ಯಾರು ಎಂದು ಓದುವುದು. ನಾನೂ ಬೇಸಿಗೆ ರಜೆ ಬರುವವರೆಗೆ ಗಿಟಾರಿನ ಚರಿತ್ರೆಯನ್ನೇ ಹಿಡಿದು ಕೂತೆ. ಸಮಯ ವ್ಯರ್ಥ ಎಂದು ಮನೆಯವರು ಅಂದರು. ಆದರೆ ಅದರಿಂದ ನನಗೊಂದು ಸಂಗತಿ ತಿಳಿಯಿತು: ರಿಪೇರಿಯವನನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಗಿಟಾರಿಗೆ ಅಂಟಿಕೊಂಡೇ ಬಂದಿದೆ.

ಮೊದಮೊದಲು ಅದು ಇರಲಿಲ್ಲ ಎಂದೇ ಹೇಳಬೇಕು. ಯೂರೋಪಿನಲ್ಲಿ ಹಳೆಯ ಕಾಲದ ಗಿಟಾರು, ಲ್ಯೂಟು ಮುಂತಾದವುಗಳ ಮೆಟ್ಟಿಲು ಲೋಹದ್ದಲ್ಲ. ಕುರಿಯ ಕರುಳಿನ ದಾರವನ್ನು ಕುತ್ತಿಗೆಗೆ ಸುತ್ತಿ ಗಂಟು ಹಾಕುತ್ತಿದ್ದರು. ಸ್ವರ ಸರಿ ಬರದಿದ್ದರೆ ನುಡಿಸುವವರೇ ಗಂಟನ್ನು ಆಚೀಚೆ ಜರುಗಿಸಿಕೊಳ್ಳುತ್ತಿದ್ದರು. ಗಂಟು ಎಲ್ಲಿ ಕಟ್ಟಬೇಕೆಂಬುದಕ್ಕೆ ಒಂದು ಲೆಕ್ಕ ಹೇಳಿದವರಲ್ಲಿ ಇಟಲಿಯ ವಿಂಚೆಂಜೊ ಗೆಲಿಲಿ ಒಬ್ಬ. ನಾವು ಮಕ್ಕಳಿಗೆ ದೂರದರ್ಶಕದ ಪಾಠದಲ್ಲಿ ಹೇಳುವ ಗೆಲಿಲಿಯೊನ ಅಪ್ಪ! ಒಳ್ಳೆಯ ಲ್ಯೂಟು ವಾದಕ. 1581ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಲೆಕ್ಕ ಇದೆ: ತಂತಿಯ ಉದ್ದವನ್ನು 18 ಪಾಲು ಮಾಡಿ, ಒಂದು ಪಾಲು ಬಿಟ್ಟು ಮೊದಲ ಮೆಟ್ಟಿಲು, ಉಳಿದದ್ದನ್ನು ಮತ್ತೆ 18 ಪಾಲು ಮಾಡಿ ಎರಡನೆಯದು, ಹೀಗೆಯೇ ಮುಂದಕ್ಕೆ.

ನಾನೂ ಮಗಳೂ ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಿದೆವು. ತಂತಿ 65 ಸೆಂಟಿಮೀಟರು ಎಂದಿಟ್ಟುಕೊಂಡರೆ 12ನೆಯ ಮೆಟ್ಟಿಲು ಸರಿಯಾಗಿ ನಡುವೆ, ಅಂದರೆ ಮೂವತ್ತೆರಡೂವರೆ ಸೆಂಟಿಮೀಟರಿನಲ್ಲಿ ಬರಬೇಕಲ್ಲವೇ? ಬರುವುದಿಲ್ಲ. ಎರಡು ಮಿಲಿಮೀಟರಿಗೂ ಕೊಂಚ ಹೆಚ್ಚು ಹಿಂದೆಯೇ ನಿಂತುಬಿಡುತ್ತದೆ. ಈಗಿನವರು 18ರ ಬದಲು 17.817 ಎಂಬ ಸಂಖ್ಯೆಯಿಂದ ಭಾಗಿಸುತ್ತಾರೆ. ಹಾಗಾದರೆ ಗೆಲಿಲಿಯ ಲೆಕ್ಕ ತಪ್ಪೇ? ಪೂರ್ತಿ ತಪ್ಪಲ್ಲ. ತಂತಿಯನ್ನು ಬೆರಳಿನಿಂದ ಒತ್ತಿದಾಗ ಅದು ಬಿಗಿಯಾಗಿ ಸ್ವರ ಒಂದಿಷ್ಟು ಏರುತ್ತದೆ. ಈ ಕೊರತೆ ಆ ಏರಿಕೆಯನ್ನು ಸ್ವಲ್ಪ ಮಟ್ಟಿಗೆ ನುಂಗಿಕೊಳ್ಳುತ್ತದೆ. ಉಳಿದದ್ದಕ್ಕೆ ಗಂಟು ಸರಿಸುವ ಬೆರಳು ಇತ್ತಲ್ಲ.

18ನೆಯ ಶತಮಾನದ ಕೊನೆಯ ಹೊತ್ತಿಗೆ ಕರುಳಿನ ಗಂಟು ಹೋಗಿ, ಮರದಲ್ಲಿ ಗೀರು ಕೊಯ್ದು ಕೂರಿಸಿದ ಗಟ್ಟಿ ಮೆಟ್ಟಿಲು ಬಂತು. ಬೇಗ ಸವೆಯುವುದಿಲ್ಲ, ಜಾರುವುದಿಲ್ಲ, ಬಲು ಅನುಕೂಲ. ಆದರೆ ನುಡಿಸುವವರ ಕೈಯಲ್ಲಿದ್ದ ಒಂದು ಅಧಿಕಾರ ಅಂದಿಗೆ ಹೋಯಿತು. ಅಲ್ಲಿಂದ ಮುಂದೆ ಮೆಟ್ಟಿಲು ಕೆಟ್ಟರೆ ಅರ ಹಿಡಿದ ಇನ್ನೊಬ್ಬನ ಬಳಿಗೆ ಹೋಗಲೇಬೇಕು.

ನಮ್ಮ ವೀಣೆ ಇವೆರಡರ ನಡುವಿನ ದಾರಿ ಹಿಡಿಯಿತು. ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ಸ್ವರಮೇಳಕಲಾನಿಧಿಯಲ್ಲೇ ವೀಣೆಯ ಮೆಟ್ಟಿಲುಗಳ ಜಾಗದ ಚರ್ಚೆ ಇದೆ. ಈಗಿನ 24 ಮೆಟ್ಟಿಲುಗಳ ವೀಣೆಯನ್ನು ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ, ಅಂದರೆ 17ನೆಯ ಶತಮಾನದ ಮೊದಲ ಭಾಗಕ್ಕೆ ಸೇರಿಸುವುದು ವಾಡಿಕೆ. ಅವನ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡ ಮೂಲದವರು ಎಂಬುದನ್ನು ನಾನು ಕ್ಲಾಸಿನಲ್ಲಿ ಹೇಳದೆ ಬಿಟ್ಟ ವರ್ಷವೇ ಇಲ್ಲ. ಮೆಟ್ಟಿಲು ಲೋಹದ್ದು, ಕೂರುವ ಜಾಗ ಮೇಣದ್ದು. ತಪ್ಪಾದರೆ ಕರಗಿಸಿ ಮತ್ತೆ ಕಟ್ಟಬಹುದು. ತಪ್ಪಾಗಿದೆ ಎಂದು ಒಪ್ಪಿಕೊಳ್ಳುವವರು ಬೇಕು, ಅಷ್ಟೆ.

ಇನ್ನು ನಂಬಿಕೆಯ ವಿಚಾರ. ಸ್ಪೇನಿನವರು ಇದಕ್ಕೆ ಪರೀಕ್ಷೆ ಇಟ್ಟಿದ್ದರು. ಸೆವಿಲ್ ನಗರದ ಕಟ್ಟಳೆಗಳು 1527ರಲ್ಲಿ ಅಚ್ಚಾದವು. ಅವುಗಳ ಪ್ರಕಾರ ತಂತಿವಾದ್ಯ ಮಾಡುವವನು ಒಂದೇ ವಾದ್ಯ ಮಾಡಲು ಬಂದರೆ ಸಾಲದು. ಲ್ಯೂಟು, ಹಾರ್ಪು, ಕೆತ್ತನೆಯ ದೊಡ್ಡ ವಿಹುಯೆಲ, ಇನ್ನೂ ಕೆಲವನ್ನು ಮಾಡಿ ತೋರಿಸಬೇಕಾಗಿತ್ತು. ನಮ್ಮ ಬಿಎಡ್ ಪರೀಕ್ಷೆಗಿಂತ ಕಷ್ಟ ಎನ್ನಿಸಿತು ನನಗೆ. ನಾವು ಎರಡು ಪಾಠ ಮಾಡಿ ತೋರಿಸಿ ಪಾಸಾದವರು.

ಆದರೆ ಪರೀಕ್ಷೆ, ಸಂಘ, ಸರ್ಟಿಫಿಕೇಟು ಇವು ನಂಬಿಕೆಯನ್ನು ಕಾಯುತ್ತವೋ ಹೊಟ್ಟೆಪಾಡನ್ನು ಕಾಯುತ್ತವೋ ಹೇಳುವುದು ಕಷ್ಟ. ಜರ್ಮನಿಯ ಸ್ಯಾಕ್ಸನಿಯಲ್ಲಿ ಮಾರ್ಕ್‌ನಾಯ್ಕಿರ್ಶೆನ್ ಎಂಬ ಪುಟ್ಟ ಊರಿದೆ. ಬೊಹೀಮಿಯಾದಿಂದ ಧರ್ಮದ ಕಾರಣಕ್ಕೆ ಊರು ಬಿಟ್ಟು ಬಂದ ಪಿಟೀಲು ತಯಾರಕರು 1677ರಲ್ಲಿ ಅಲ್ಲಿ ಸಂಘ ಕಟ್ಟಿದರು. ಗಿಟಾರು ಆ ಕಡೆ ಜನಪ್ರಿಯವಾದದ್ದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಆಗ ಮೇಜು ಕಪಾಟು ಮಾಡುವ ಬಡಗಿಗಳೂ ಗಿಟಾರು ಮಾಡತೊಡಗಿದರು. ಪಿಟೀಲಿನವರಿಗೆ ಸಿಟ್ಟು ಬಂತು. ನಾವು ಕಲಾವಿದರು, ಅವರು ಬರೀ ಪೀಠೋಪಕರಣ ಮಾಡುವ ಕೆಲಸಗಾರರು, ಗಿಟಾರು ಮಾಡುವ ಹಕ್ಕು ನಮಗೆ ಮಾತ್ರ ಎಂದು 1826ರಲ್ಲಿ ಸರ್ಕಾರಕ್ಕೆ ದೂರು ಕೊಟ್ಟರು. ಬಡಗಿಗಳ ಉತ್ತರ ಸೊಗಸಾಗಿದೆ: ನಿಮ್ಮ ಸಂಘ ಹುಟ್ಟಿದಾಗ ಈ ವಾದ್ಯವೇ ಇರಲಿಲ್ಲ, ನಿಮ್ಮ ಸನ್ನದಿನಲ್ಲಿ ಅದರ ಹೆಸರೆಲ್ಲಿದೆ?

ಓದುವಾಗ ನನಗೆ ನಮ್ಮೂರಿನ ಗುಡಿಗಾರರು ನೆನಪಾದರು. ಸಾಗರದ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತದ ವಸ್ತುವಿಲ್ಲ. ವೀಣೆಯ ಯಾಳಿಮುಖ ಮುರಿದರೆ ಅವರಷ್ಟು ಚೆನ್ನಾಗಿ ಕೆತ್ತಿಕೊಡುವವರು ಇನ್ನೊಬ್ಬರಿಲ್ಲ. ಆದರೆ ಮೇಳ ಕಟ್ಟು ಎಂದರೆ, “ಅದು ಕಿವಿಯ ಕೆಲಸ, ನಮ್ಮದು ಕೈಯ ಕೆಲಸ” ಎನ್ನುತ್ತಾರೆ. ಜಗಳವೇ ಇಲ್ಲ.

ಜರ್ಮನಿಯ ಜಗಳ ಆರು ವರ್ಷಕ್ಕೂ ಮುಗಿಯಲಿಲ್ಲ. ಬಡಗಿಗಳ ಪೈಕಿ ಮಾರ್ಟಿನ್ ಎಂಬ ಮನೆತನವಿತ್ತು. ಆ ಮನೆಯ ಮಗ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ ಹುಟ್ಟಿದ್ದು 1796ರಲ್ಲಿ. ಅವನು ಬರೀ ಬಡಗಿಯಲ್ಲ, ವಿಯೆನ್ನಾದಲ್ಲಿ ಹೆಸರಾಂತ ಸ್ಟೌಫರನ ಕಾರ್ಖಾನೆಯಲ್ಲಿ ಹಲವು ವರ್ಷ ಮೇಸ್ತ್ರಿಯಾಗಿದ್ದವನು ಎಂದು 1832ರಲ್ಲಿ ಒಬ್ಬ ವ್ಯಾಪಾರಿ ಸಾಕ್ಷಿ ನುಡಿದ. ಕೊನೆಗೆ ಬಡಗಿಗಳ ವಾದವೇ ನಿಂತಿತು. ಆದರೆ ಮಾರ್ಟಿನ್‌ಗೆ ಸಾಕಾಗಿತ್ತೋ ಏನೋ, 1833ರಲ್ಲಿ ಹೆಂಡತಿ ಮಕ್ಕಳೊಡನೆ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದ. ಅಲ್ಲಿ ಅಂಗಡಿ ಇಟ್ಟು ವಾದ್ಯ ಮಾರಿದ, ರಿಪೇರಿಯನ್ನೂ ಮಾಡಿದ. ಕೆಲವೇ ವರ್ಷದಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಊರಿನ ಕಡೆ ನೆಲೆಸಿದ. ಅವನು ಹುಟ್ಟುಹಾಕಿದ ಮಾರ್ಟಿನ್ ಕಂಪನಿ ಇಂದಿಗೂ ಅಲ್ಲಿಯೇ ಇದೆ. ಯಾರನ್ನು ನೀನು ಬರೀ ಬಡಗಿ ಎಂದು ಹೀಯಾಳಿಸಿದರೋ ಅವನ ಹೆಸರನ್ನು ಇಂದು ಗಿಟಾರು ಹಿಡಿದವರೆಲ್ಲ ಬಲ್ಲರು.

ವಿಯೆನ್ನಾದ ಸ್ಟೌಫರನನ್ನು ಹಾಗೇ ದಾಟಿ ಹೋಗಲು ನನಗೆ ಮನಸ್ಸಿಲ್ಲ. ಜೊಹಾನ್ ಗೆಯೋರ್ಗ್ ಸ್ಟೌಫರ್ 1822ರಲ್ಲಿ ಗಿಟಾರಿನ ಸುಧಾರಣೆಗಳಿಗೆ ಅರಸರಿಂದ ವಿಶೇಷ ಹಕ್ಕು ಪಡೆದವನು. ಅವನ ಗಿಟಾರುಗಳಲ್ಲಿ ಕುತ್ತಿಗೆಯ ಬುಡದಲ್ಲಿ ಒಂದು ತಿರುಪು ಇರುತ್ತಿತ್ತು. ಗೋಡೆ ಗಡಿಯಾರಕ್ಕೆ ಕೊಡುವಂಥದೇ ಕೀಲಿ ಹಾಕಿ ತಿರುಗಿಸಿದರೆ ಕುತ್ತಿಗೆಯ ಓರೆ ಬದಲಾಗಿ ತಂತಿಯ ಎತ್ತರ ಹೆಚ್ಚು ಕಡಿಮೆಯಾಗುತ್ತಿತ್ತು. ನೋಡಿದಿರಾ, ನನ್ನ ಮಗಳ ಬೆರಳು ಸುಲಿದ ಕಷ್ಟಕ್ಕೆ ಇನ್ನೂರು ವರ್ಷದ ಹಿಂದೆಯೇ ಮದ್ದು ಇತ್ತು. ಗಂಟು ಸರಿಸುವ ಹಳೆಯ ಅಧಿಕಾರವನ್ನು ಅವನು ಬೇರೊಂದು ರೂಪದಲ್ಲಿ ನುಡಿಸುವವರ ಕೈಗೇ ಹಿಂದಿರುಗಿಸಿದ. ಮಾರ್ಟಿನ್ ಕೂಡ ಮೊದಲ ವರ್ಷಗಳಲ್ಲಿ ಇಂಥ ಗಿಟಾರು ಮಾಡಿದ್ದುಂಟು. ಮುಂದೆ ಯಾಕೋ ಅದು ರೂಢಿಯಿಂದ ಹೋಯಿತು. ನನ್ನನ್ನು ಕೇಳಿದರೆ ಬಿಡಬಾರದಿತ್ತು.

ಆಮೇಲೆ ಉಕ್ಕಿನ ತಂತಿಯ ಕಾಲ. ಅಮೆರಿಕದಲ್ಲಿ 1920ರ ದಶಕದ ಹೊತ್ತಿಗೆ ಕರುಳಿನ ತಂತಿಯ ಜಾಗಕ್ಕೆ ಉಕ್ಕಿನದು ಬಂತು, ದನಿ ದೊಡ್ಡದಾಯಿತು. ಈಗಿನ ಸಾಧಾರಣ ಆರು ಉಕ್ಕಿನ ತಂತಿಗಳ ಒಟ್ಟು ಎಳೆತ 70 ಕಿಲೋಗೂ ಹೆಚ್ಚು. ಒಬ್ಬ ದಪ್ಪನೆಯ ಮನುಷ್ಯ ಹಗಲೂ ರಾತ್ರಿ ಆ ತೆಳ್ಳನೆಯ ಹಲಗೆಗೆ ಜೋತುಬಿದ್ದ ಹಾಗೆ. ಕುತ್ತಿಗೆ ಬಾಗದೆ ಇರುತ್ತದೆಯೇ? ಕಲಮಜೂ ಊರಿನ ಗಿಬ್ಸನ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮ್ಯಾಕ್‌ಹ್ಯೂ ಕುತ್ತಿಗೆಯೊಳಗೆ ಉಕ್ಕಿನ ಸರಳು ಹುದುಗಿಸಿ, ತಿರುಪಿನಿಂದ ಬಿಗಿಮಾಡುವ ಉಪಾಯ ಕಂಡುಹಿಡಿದ. 1923ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ಈ ಸರಳು ಇರುವುದು ಕುತ್ತಿಗೆಯ ಬಾಗು ತೆಗೆಯುವುದಕ್ಕೆ; ತಂತಿ ಎತ್ತರವಾಯಿತೆಂದು ಅದನ್ನೇ ತಿರುಪುತ್ತಾ ಹೋಗುವವರ ಕೈಗೆ ವಾದ್ಯ ಕೊಡಬಾರದು. ಕಾಲು ಸುತ್ತು ತಿರುಗಿಸಿ, ಕಾದು ನೋಡಿ, ಬೇಕಾದರೆ ಇನ್ನು ಕಾಲು ಸುತ್ತು. ಅದು ಬಲ್ಲವರ ರೀತಿ. ಅವಸರದವರು ಸರಳನ್ನೇ ಮುರಿದ ಉದಾಹರಣೆಗಳಿವೆ.

ಕಲಮಜೂ ಹೆಸರು ಬಂದದ್ದರಿಂದ ಇನ್ನೊಂದು ಕಥೆ ಹೇಳಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಗಂಡಸರೆಲ್ಲ ಸೈನ್ಯಕ್ಕೆ ಹೋದರು. ಯುದ್ಧಕಾಲದಲ್ಲಿ ನಾವು ಗಿಟಾರು ತಯಾರಿಕೆ ನಿಲ್ಲಿಸಿದ್ದೆವು, ರಿಪೇರಿ ಮತ್ತು ಉಳಿದ ಭಾಗಗಳ ಜೋಡಣೆ ಅಷ್ಟೇ ನಡೆದಿತ್ತು ಎಂಬುದು ಕಂಪನಿಯ ಕಡೆಯಿಂದ ಬಹಳ ಕಾಲ ಬಂದ ಮಾತು. ಆದರೆ ಒಂದು ಹಳೆಯ ಫೋಟೋ ಇತ್ತು. 1944ರದು. ಕಾರ್ಖಾನೆಯ ಮುಂದೆ ಸುಮಾರು 75 ಮಂದಿ ಹೆಂಗಸರು ಸಾಲಾಗಿ ಕೂತು ನಿಂತು ತೆಗೆಸಿಕೊಂಡದ್ದು. ತಯಾರಿಕೆ ನಿಂತಿದ್ದರೆ ಇಷ್ಟು ಜನ ಹೆಂಗಸರಿಗೆ ಅಲ್ಲಿ ಏನು ಕೆಲಸ? ಜಾನ್ ಥಾಮಸ್ ಎಂಬ ಕಾನೂನು ಪ್ರಾಧ್ಯಾಪಕರು ಈ ಪ್ರಶ್ನೆಯ ಬೆನ್ನು ಹತ್ತಿದರು. ಆಗಿನ್ನೂ ಬದುಕಿದ್ದ ಕೆಲವು ಅಜ್ಜಿಯರನ್ನು ಹುಡುಕಿ ಮಾತಾಡಿಸಿದರು, ಕಂಪನಿಯ ಲೆಕ್ಕಪತ್ರ ನೋಡಿದರು. ಯುದ್ಧದ ವರ್ಷಗಳಲ್ಲಿ ಆ ಹೆಂಗಸರು ಸಾವಿರಾರು ಗಿಟಾರುಗಳನ್ನು ಮಾಡಿದ್ದರು! ಗಿಟಾರುಗಳನ್ನು ಎಕ್ಸ್-ರೇ ಮಾಡಿಸಿ ನೋಡಿ, ಒಳಗಿನ ಕೆಲಸ ಮೊದಲಿನವುಗಳಿಗಿಂತ, ನಂತರದವುಗಳಿಗಿಂತ ನಯವಾಗಿದೆ ಎಂಬ ಅಭಿಪ್ರಾಯಕ್ಕೂ ಬಂದರು. 2012ರಲ್ಲಿ ಅವರ ಪುಸ್ತಕ ಬಂತು. ಇಂದು ಆ ಕಾಲದ ಗಿಟಾರುಗಳಿಗೆ ಸಂಗ್ರಾಹಕರು ದುಬಾರಿ ಬೆಲೆ ಕೊಡುತ್ತಾರೆ.

ಹೆಂಗಸರು ಮಾಡಿದ್ದೆಂದು ತಿಳಿದರೆ ಜನ ನಂಬಿ ಕೊಳ್ಳಲಿಕ್ಕಿಲ್ಲ ಎಂಬ ಅಳುಕಿನಿಂದ ಮುಚ್ಚಿಟ್ಟಿರಬಹುದೇ? ನನಗೆ ಹಾಗೆ ಅನ್ನಿಸುತ್ತದೆ. ಕಸೂತಿ ಹಾಕುವ, ರವಿಕೆ ಹೊಲಿಯುವ, ಹಿಟ್ಟಿನ ಹದ ಬೆರಳಲ್ಲಿ ತಿಳಿಯುವ ಕೈಗಳಿಗೆ ಕಾಗದದಷ್ಟು ತೆಳ್ಳಗೆ ಮರ ಹೆರೆಯುವುದು ಬರುತ್ತದೆಂದರೆ ನನಗೇನೂ ಆಶ್ಚರ್ಯವಾಗಲಿಲ್ಲ. ಆ ಫೋಟೋವನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಮುಖ ನೋಡಿದರು. “ಎಲ್ಲ ನಗ್ತಾ ಇದ್ದಾರೆ” ಎಂದರು.

ರಜೆ ಬಂತು. ತಮ್ಮ ನಾಲ್ಕು ಜನರನ್ನು ವಿಚಾರಿಸಿ ಬೆಂಗಳೂರಿನಲ್ಲಿ ಒಬ್ಬರ ಬಳಿಗೆ ಕರೆದುಕೊಂಡು ಹೋದ. ಬೋರ್ಡೂ ಇಲ್ಲದ ಮಹಡಿಯ ಮೇಲಿನ ಕೋಣೆ. ನಲವತ್ತರ ಆಸುಪಾಸಿನ ಮನುಷ್ಯ. ಮಗಳು ಗಿಟಾರು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. “ಮೊದಲು ನೀನು ಬಾರಿಸಮ್ಮ, ಕೇಳೋಣ” ಎಂದರು.

ನಾನು ಅಲ್ಲಿಯೇ ಅರ್ಧ ನಿರಾಳವಾದೆ. ಮೈಸೂರಿನ ಆ ವೃದ್ಧರು ಗೋಡೆಗೆ ಒರಗಿ ಕೂತದ್ದು ಕಣ್ಣಿಗೆ ಕಟ್ಟಿತು.

ಆಮೇಲೆ ಅವರು ಬಂದೂಕಿನ ಗುರಿ ಹಿಡಿದಂತೆ ಗಿಟಾರಿನ ಕುತ್ತಿಗೆಯುದ್ದಕ್ಕೂ ಕಣ್ಣು ಹಾಯಿಸಿದರು. ತಂತಿಯನ್ನು ಮೊದಲ ಮೆಟ್ಟಿಲಿನಲ್ಲೂ 14ನೆಯದರಲ್ಲೂ ಒತ್ತಿ ಹಿಡಿದು ನಡುವಿನ ಸಂದು ನೋಡಿದರು. 12ನೆಯ ಮೆಟ್ಟಿಲಿನ ಬಳಿ ಪುಟ್ಟ ಸ್ಕೇಲು ಇಟ್ಟು ತಂತಿಯ ಎತ್ತರ ಅಳೆದು ಚೀಟಿಯಲ್ಲಿ ಬರೆದರು. ಅರ, ಮರಳುಕಾಗದ ಯಾವುದನ್ನೂ ಮುಟ್ಟಲಿಲ್ಲ. “ಯಾವ ಊರು?” ಎಂದರು. ಸಾಗರ ಎಂದೆ. “ಮೂಳೆ ಉಜ್ಜಿಸಿದ್ದು ಯಾವ ತಿಂಗಳು?”

ಅದುವರೆಗೆ ಯಾರೂ ಕೇಳದ ಪ್ರಶ್ನೆ. ಆಗಸ್ಟ್ ಎಂದೆವು. ಅವರು ತಲೆಯಾಡಿಸಿ ಹೇಳಿದ್ದು ಇಷ್ಟು: ಮಳೆಗಾಲದಲ್ಲಿ ಮರ ನೀರು ಕುಡಿಯುತ್ತದೆ, ಮುಖದ ಹಲಗೆ ಉಬ್ಬುತ್ತದೆ, ಕುದುರೆ ಮೇಲೇಳುತ್ತದೆ, ತಂತಿ ಎತ್ತರವಾಗುತ್ತದೆ. ಬೇಸಿಗೆಯಲ್ಲಿ ಹಲಗೆ ಒಣಗಿ ಕುಗ್ಗುತ್ತದೆ, ತಂತಿ ಇಳಿಯುತ್ತದೆ. ಮಳೆಯಲ್ಲಿ ಎತ್ತರವಾಯಿತೆಂದು ಮೂಳೆ ಉಜ್ಜಿದರೆ ಬೇಸಿಗೆಯಲ್ಲಿ ಮೆಟ್ಟಿಲಿಗೆ ತಗಲದೆ ಇನ್ನೇನಾಗುತ್ತದೆ? ನನಗೆ ಹಿತ್ತಿಲ ಬಾಗಿಲು ನೆನಪಾಗಿ ನಾಚಿಕೆಯಾಯಿತು.

“ಹಾಗಾದರೆ ಆ ಅಂಗಡಿಯವರು ಹಾಳು ಮಾಡಿದರು ಅನ್ನಿ” ಎಂದೆ. ನನಗೆ ಆ ಮಾತು ಅವರ ಬಾಯಿಂದ ಕೇಳಬೇಕಿತ್ತು, ಸುಳ್ಳೇಕೆ ಹೇಳಲಿ.

“ಇಲ್ಲ ಮೇಡಂ. ಆಗಸ್ಟಿನಲ್ಲಿ ಅವರು ಮಾಡಿದ್ದು ಆಗಸ್ಟಿಗೆ ಸರಿಯಾಗಿಯೇ ಇತ್ತು. ವರ್ಷದಲ್ಲಿ ಇನ್ನೂ ತಿಂಗಳು ಇವೆ ಅಂತ ಯೋಚಿಸಲಿಲ್ಲ, ಅಷ್ಟೆ” ಎಂದರು. ಮತ್ತೆ ಮಗಳ ಕಡೆ ತಿರುಗಿ, “ನಿನ್ನ ಬೆರಳಿನದು ಏನೂ ತಪ್ಪಿಲ್ಲ. ಇಂಥ ಗಿಟಾರಲ್ಲಿ ನಾನು ಬಾರಿಸಿದರೂ ಹಿಂಗೇ ಕೇಳೋದು” ಎಂದು ತೋರಿಸಿಯೇ ಬಿಟ್ಟರು. ಜಿರ್ರ್ ಎಂದಿತು. ಹುಡುಗಿ ಬಹಳ ದಿನದ ಮೇಲೆ ನಕ್ಕಳು.

ಎರಡು ದಿನ ಇಟ್ಟುಕೊಂಡರು. ಸರಳನ್ನು ಕಾಲು ಸುತ್ತು ಸಡಿಲಿಸಿದರು. ಹೊಸ ಮೂಳೆ ಕಡಿದು ಕೂರಿಸಿದರು. ಕೆಲಸ ಮಾಡುವಾಗ ಮಗಳಿಗೆ ಹೇಳುತ್ತಲೂ ಇದ್ದರು: 12ನೆಯ ಮೆಟ್ಟಿಲಿನ ಬಳಿ ತಂತಿ ಒಂದು ಮಿಲಿಮೀಟರು ಇಳಿಯಬೇಕಾದರೆ ಮೂಳೆ ಎರಡು ಮಿಲಿಮೀಟರು ಹೋಗಬೇಕು, ಅದಕ್ಕೇ ಉಜ್ಜುವ ಮೊದಲು ಅಳೆಯಬೇಕು, ತೆಗೆದದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ, ಅದಕ್ಕೇ ಕೊನೆಯ ಒಂದು ಕೂದಲೆಳೆಯಷ್ಟನ್ನು ನಾಳೆಗೆ ಬಿಡಬೇಕು. ನನ್ನ ರವಿಕೆ ಹೊಲಿಯುವಾಕೆ ನೆನಪಾದಳು. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುತ್ತಾಳೆ. “ಮುಂದಿನ ವರ್ಷ ಬಿಚ್ಚೋಕೆ ಬೇಕಾಗುತ್ತೆ ಟೀಚರ್” ಎಂದು ಮೊದಲ ದಿನವೇ ಹೇಳಿದ್ದಳು. ಇಪ್ಪತ್ತೆರಡು ವರ್ಷದಿಂದ ನಾನು ಬೇರೆಯವರ ಬಳಿ ಹೋಗಿಲ್ಲ.

ಹಾಗೆ ಮಾತಿನ ನಡುವೆ ಅಮ್ಮನ ವೀಣೆಯ ವಿಷಯ ಎತ್ತಿದೆ. ನೀವೇ ನೋಡಬಹುದೇ ಎಂದೆ. “ವೀಣೆ ನನಗೆ ಬರೋದಿಲ್ಲ ಮೇಡಂ. ಮೇಳದವರನ್ನೇ ಕೇಳಬೇಕು” ಎಂದು ಅಲ್ಲಿಗೇ ನಿಲ್ಲಿಸಿದರು. ಬರುತ್ತದೆ ಎಂದಿದ್ದರೆ ನಾನು ಕೊಟ್ಟೇಬಿಡುತ್ತಿದ್ದೆನೇನೋ.

ಹೊರಡುವಾಗ ಒಂದು ಪುಟ್ಟ ಕಾಗದದ ಪೊಟ್ಟಣ ಕೊಟ್ಟರು. ಬಿಚ್ಚಿ ನೋಡಿದರೆ ಅಂಗಡಿಯ ಹುಡುಗ ಉಜ್ಜಿದ್ದ ಆ ಹಳೆಯ ಮೂಳೆ. “ಎಸೀಬೇಡಿ. ಮಳೆಗಾಲಕ್ಕೆ ಇದರ ಅಳತೆ ಸರಿಯಾಗಿದೆಯಲ್ಲ, ಆಗ ಇದನ್ನೇ ಹಾಕಿ. ಮಳೆ ಬಿಟ್ಟ ಮೇಲೆ ಈಗ ಹಾಕಿರೋದು” ಎಂದರು. ತಂತಿ ಹೇಗೆ ಸಡಿಲಿಸಬೇಕು, ಮೂಳೆ ಹೇಗೆ ಎಳೆಯಬೇಕು, ದಪ್ಪ ತಂತಿಯ ಕಡೆ ಯಾವುದು ಎಂಬುದನ್ನೆಲ್ಲ ಮಗಳ ಕೈಯಿಂದಲೂ ನನ್ನ ಕೈಯಿಂದಲೂ ಒಂದೊಂದು ಸಲ ಮಾಡಿಸಿಯೇ ಕಳಿಸಿದರು. ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ‘ಮಳೆ’ ಎಂದು ಬರೆದಿತ್ತು.

2023ರಲ್ಲಿ ಮಳೆ ತಡವಾಗಿಯೇ ಬಂತು. ಜುಲೈನಲ್ಲಿ ಹಿಡಿದು ಹೊಯ್ಯಿತು. ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲು ಕಚ್ಚಿಕೊಂಡಿತು, ಭುಜ ಕೊಟ್ಟು ನೂಕಿದೆ. ಸಂಜೆ ಮಗಳು ಟ್ಯೂಷನ್ನಿನಿಂದ ಬರುವ ಹೊತ್ತಿಗೆ ಮಾಡಿ ಮುಗಿಸೋಣವೆಂದು ಗಿಟಾರನ್ನು ಮಂಚದ ಮೇಲೆ ಮಲಗಿಸಿ ತಂತಿ ಒಂದೊಂದಾಗಿ ಸಡಿಲಿಸಿ, ಮೂಳೆ ಬದಲಾಯಿಸಿದೆ. ತೆಗೆದದ್ದನ್ನು ಒಂದು ಕಾಗದದಲ್ಲಿ ಸುತ್ತಿ ‘ಬೇಸಿಗೆ’ ಎಂದು ಬರೆದು ಸಾಸಿವೆ ಡಬ್ಬದ ಪಕ್ಕದಲ್ಲಿಟ್ಟೆ. ಆಮೇಲೆ ತಂತಿ ಬಿಗಿಯುತ್ತ ಮೀಟುತ್ತ ಕೂತೆ. ಒಳಗಿನ ಕೋಣೆಯಿಂದ ಅಮ್ಮ ಕೂಗಿ ಕೇಳಿದರು, “ಯಾರೇ ಅದು, ಮೇಳ ಕಟ್ಟುವವರು ಬಂದಿದ್ದಾರಾ?”